ಹುಟ್ಟಿದ ವರ್ಷ, ಓಡುವ ವರ್ಷ

(ದೈಹಿಕ ಶಿಕ್ಷಣ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಕೆಲಸ. 2007ರಿಂದ 2010ರ ಒಳಗೆ ಹುಟ್ಟಿದವರು ಯಾರ್ಯಾರಿದ್ದೀರಿ, ಕೈ ಎತ್ತಿ. ಹಿಂದಿನ ಬೆಂಚಿನವರೂ ಎತ್ತಿ, ಸಂಕೋಚ ಬೇಡ. ಹಾಂ, ಹತ್ತಿರ ಹತ್ತಿರ ಅರ್ಧ ಸಭೆ ಇದೆ. ಸರಿ, ಇಳಿಸಿ.

2026ರ ವಿಶ್ವ ಅಂಡರ್-20 ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗೆ ವಯಸ್ಸಿನ ಲೆಕ್ಕದಲ್ಲಿ ಅರ್ಹರು ನೀವೇ. ಕೂಟ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ಹದಿನಾರು ತುಂಬಿರಬೇಕು, ಇಪ್ಪತ್ತು ತುಂಬಿರಬಾರದು. ವಯಸ್ಸಿನ ನಿಯಮ ಇಷ್ಟೇ.

ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಹೋಬಳಿ ಮಟ್ಟದ ಕ್ರೀಡಾಕೂಟ ಅಂದರೆ ಬೆಳಿಗ್ಗೆ ಐದಕ್ಕೆ ಎದ್ದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದೆ. ಆ ಗೆರೆಯ ಮೇಲೆ ಬರಿಗಾಲಲ್ಲಿ ಓಡಿದ ಮಕ್ಕಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ. ಒಲಿಂಪಿಕ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಕೂಟದ ಬಗ್ಗೆ ಮಾತಾಡುವವರು ಕಡಿಮೆ. ಆದರೆ ನಮ್ಮ ಮಕ್ಕಳ ವಯಸ್ಸಿಗೆ ಹತ್ತಿರ ಇರುವುದು ಇದೇ ಅಲ್ವಾ?

1986ರಲ್ಲಿ ಅಥೆನ್ಸ್‌ನಲ್ಲಿ ಶುರುವಾದ ಕೂಟ ಇದು. ಆಗ ಹೆಸರು ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್. 2016ರ ಕೂಟದಿಂದ ಅಂಡರ್-20 ಎಂದಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಊರಿಂದೂರಿಗೆ ಹೋಗುತ್ತದೆ. ಸಿಡ್ನಿ, ಬೀಜಿಂಗ್, ಬಾರ್ಸಿಲೋನಾದಂಥ ದೊಡ್ಡ ಊರುಗಳೂ ಕಂಡಿವೆ, ಕೆನಡಾದ ಸಡ್ಬರಿ, ಪೋಲೆಂಡಿನ ಬಿಡ್ಗೋಷ್‌ನಂಥ ನಾವು ಹೆಸರೇ ಕೇಳದ ಊರುಗಳೂ ಕಂಡಿವೆ. ಮ್ಯಾರಥಾನ್ ಇಲ್ಲ. ಈಗ ಅತಿ ಉದ್ದದ ಓಟ ಅಂದರೆ 5000 ಮೀಟರ್. ನಡಿಗೆ ಸ್ಪರ್ಧೆ 10,000 ಮೀಟರ್, ಅದೂ ರಸ್ತೆಯಲ್ಲಲ್ಲ, ಟ್ರ್ಯಾಕಿನ ಮೇಲೇ ಇಪ್ಪತ್ತೈದು ಸುತ್ತು. ನಡಿಗೆ ಅಂದರೆ ನಮ್ಮಲ್ಲಿ ಮಕ್ಕಳು ನಗುತ್ತಾರೆ. ನಗಬೇಡಿ. 2021ರಲ್ಲಿ ಅಮಿತ್ ಖತ್ರಿ ಬೆಳ್ಳಿ, 2024ರಲ್ಲಿ ಲಿಮಾದಲ್ಲಿ ಆರತಿ ಕಂಚು, ಇವೆರಡೂ ನಮಗೆ ಬಂದದ್ದು ಆ ಇಪ್ಪತ್ತೈದು ಸುತ್ತಿನಿಂದಲೇ.

ಇನ್ನು ಹುಟ್ಟಿದ ವರ್ಷದ ಮಾತಿಗೆ ಬರುತ್ತೇನೆ. ಕೂಟ ಸಾಮಾನ್ಯವಾಗಿ ಬರುವುದು ಸಮ ಸಂಖ್ಯೆಯ ವರ್ಷದಲ್ಲಿ. 2007ರಲ್ಲಿ ಹುಟ್ಟಿದ ಹುಡುಗಿ 2024ರಲ್ಲಿ ಹದಿನೇಳರವಳು, 2026ರಲ್ಲಿ ಹತ್ತೊಂಬತ್ತರವಳು. 2008ರಲ್ಲಿ ಹುಟ್ಟಿದವಳು? 2024ರಲ್ಲಿ ಹದಿನಾರು, 2026ರಲ್ಲಿ ಹದಿನೆಂಟು. 2028ಕ್ಕೆ ಇಪ್ಪತ್ತು, ಬಾಗಿಲು ಬಂದ್. ಅಂದರೆ ಯಾರಿಗಾದರೂ ಸಿಗುವುದು ಎರಡೇ ಕೂಟ. ಬೆಸ ವರ್ಷದಲ್ಲಿ ಹುಟ್ಟಿದವರಿಗೆ ಹತ್ತೊಂಬತ್ತರಲ್ಲಿ, ಮೈ ಪೂರ್ತಿ ಬಲಿತಿರುವಾಗ, ಒಂದು ಕೂಟ ಸಿಗುತ್ತದೆ. ಸಮ ವರ್ಷದವರಿಗೆ ಆ ವಯಸ್ಸಿನಲ್ಲಿ ಕೂಟವೇ ಇಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಎಷ್ಟು ಅಂತ ಇಲ್ಲಿರುವ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ. ಬೇಸಿಗೆ ರಜೆಗೆ ಹೋದ ಹುಡುಗ ಜೂನ್‌ನಲ್ಲಿ ಬಂದಾಗ ಗುರುತು ಸಿಗುವುದಿಲ್ಲ.

2020ರ ಕೂಟ ನೈರೋಬಿಯಲ್ಲಿ ಆಗಬೇಕಿತ್ತು. ಕೊರೊನಾ ಬಂತು, 2021ಕ್ಕೆ ಹೋಯಿತು. ವಯಸ್ಸಿನ ಲೆಕ್ಕವೂ ಒಂದು ವರ್ಷ ಮುಂದೆ ಹೋಯಿತು. 2001ರಲ್ಲಿ ಹುಟ್ಟಿದವರನ್ನು ಸುಮ್ನೆ ಒಮ್ಮೆ ನೆನೆಯಿರಿ. 2020ರಲ್ಲಿ ಅವರಿಗೆ ಹತ್ತೊಂಬತ್ತು. ಅದೇ ಅವರ ಒಳ್ಳೆಯ ಕಾಲ, ಅದಕ್ಕೇ ತಯಾರಾಗಿದ್ದವರು. 2021ಕ್ಕೆ ಇಪ್ಪತ್ತಾಯಿತು, ಹೊರಗುಳಿದರು. ಎಷ್ಟು ದೇಶಗಳಲ್ಲಿ ಎಷ್ಟು ಮಕ್ಕಳೋ. ಅವರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಇಲ್ಲ. ನೈರೋಬಿಯ ಪದಕದ ಕಥೆ ಹೇಳುವ ಮೊದಲು ಅವರನ್ನು ನೆನೆಯಬೇಕು ಅನ್ನಿಸಿತು.

ಹುಟ್ಟಿದ ತಾರೀಖಿನ ಇನ್ನೊಂದು ಕಥೆ ನಿಮಗೆ ಖುಷಿ ಕೊಡಬಹುದು. 2002, ಜಮೈಕಾದ ಕಿಂಗ್‌ಸ್ಟನ್. ಪುರುಷರ 200 ಮೀಟರ್. ಆತಿಥೇಯ ದೇಶದ್ದೇ ಒಬ್ಬ ಹುಡುಗ, ಉದ್ದಕ್ಕೆ ಬೆಳೆದವನು, ಆಗಲೇ ಆರಡಿ ದಾಟಿದ್ದ. ಹುಟ್ಟಿದ್ದು 1986ರ ಆಗಸ್ಟ್ 21. ಕೂಟ ಜುಲೈನಲ್ಲಿ. ಓಡುವ ದಿನ ಅವನಿಗೆ ಇನ್ನೂ ಹದಿನೈದೇ. ಆದರೆ ವರ್ಷದ ಕೊನೆಯ ಲೆಕ್ಕದಲ್ಲಿ ಹದಿನಾರು, ಹಾಗಾಗಿ ಅರ್ಹ. ಸ್ಟೇಡಿಯಂ ತುಂಬ ಅವನ ಜನರೇ, ಅವನ ಹೆಸರು ಕೂಗುತ್ತಿದ್ದಾರೆ. ಹುಡುಗ ಎಷ್ಟು ಹೆದರಿದ್ದ ಅಂದರೆ, ಶೂ ಹಾಕಿಕೊಳ್ಳುವಾಗ ಎಡಗಾಲಿನದ್ದನ್ನು ಬಲಗಾಲಿಗೆ ಹಾಕಿಕೊಂಡ. ಇದನ್ನು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಸರಿ ಮಾಡಿಕೊಂಡು ಓಡಿದ, 20.61 ಸೆಕೆಂಡಿನಲ್ಲಿ ಗೆದ್ದ. ಉಸೇನ್ ಬೋಲ್ಟ್.

ಇಲ್ಲಿರುವ ಹುಡುಗರೇ, ಹುಡುಗಿಯರೇ, ಓಟಕ್ಕೆ ಮೊದಲು ನಿಮಗೆ ಹೊಟ್ಟೆ ತೊಳಸುತ್ತದೆ, ಹತ್ತು ಸಲ ಬಾತ್‌ರೂಮಿಗೆ ಹೋಗಬೇಕು ಅನ್ನಿಸುತ್ತದೆ. ಅದು ನಿಮ್ಮ ದೋಷ ಅಲ್ಲ. ಆ ಶೂ ನೆನಪಿಟ್ಟುಕೊಳ್ಳಿ.

ದೊಡ್ಡವರು ನೆನಪಿಡಬೇಕಾದ್ದು ಆಮೇಲಿನ ಕಥೆ. ಹದಿನೈದಕ್ಕೆ ವಿಶ್ವ ಜೂನಿಯರ್ ಚಾಂಪಿಯನ್ ಆದವನು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದ. ಗಾಯವಿತ್ತು. ಅದೇ ವರ್ಷದ ಜೂನಿಯರ್ ಕೂಟಕ್ಕೂ ಗಾಯದಿಂದಲೇ ಹೋಗಿರಲಿಲ್ಲ. ಬೀಜಿಂಗ್‌ನಲ್ಲಿ ಲೋಕ ಅವನನ್ನು ನೋಡಿದ್ದು 2008ರಲ್ಲಿ. ನಡುವೆ ಆರು ವರ್ಷ. ಆ ಆರು ವರ್ಷ ಅವನ ಜೊತೆ ಯಾರೋ ನಿಂತಿದ್ದರು. ನಾನು ಇವತ್ತು ಹೇಳಲು ಬಂದಿರುವುದು ಈ ನಡುವಿನ ವರ್ಷಗಳ ಬಗ್ಗೆಯೇ. ಪದಕ ಬಂದ ದಿನ ಎಲ್ಲರೂ ಇರುತ್ತಾರೆ. ಹತ್ತೊಂಬತ್ತಕ್ಕೂ ಇಪ್ಪತ್ತನಾಲ್ಕಕ್ಕೂ ನಡುವೆ ಯಾರಿರುತ್ತಾರೆ ಅನ್ನುವುದೇ ಪ್ರಶ್ನೆ.

ನಮ್ಮ ನೀರಜ್ ಚೋಪ್ರಾ ಕಥೆಯನ್ನೂ ಹೀಗೇ ನೋಡಬೇಕು. 2016ರ ಜುಲೈ 23, ಬಿಡ್ಗೋಷ್. ಭರ್ಜಿ 86.48 ಮೀಟರ್ ಹೋಯಿತು. ಅದು ವಿಶ್ವ ಜೂನಿಯರ್ ದಾಖಲೆ. ಹಿಂದಿನ ದಾಖಲೆ 84.69 ಮೀಟರ್, ಅಂದರೆ ಒಂದೂಮುಕ್ಕಾಲು ಮೀಟರಿಗೂ ಜಾಸ್ತಿ ಮುಂದೆ. ಇವನು ಹುಟ್ಟಿದ್ದು 1997ರ ಡಿಸೆಂಬರ್ 24. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವರು ಇವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವರು, ಅವರೂ ಇದೇ ಗುಂಪಿನಲ್ಲೇ ಬರುತ್ತಾರೆ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಅಂಡರ್-20 ಹುಡುಗರ ಗುಂಡು 6 ಕಿಲೋ, ದೊಡ್ಡವರದ್ದು 7.26. ಡಿಸ್ಕಸ್ ಇವರಿಗೆ 1.75 ಕಿಲೋ, ದೊಡ್ಡವರಿಗೆ 2. 110 ಮೀಟರ್ ಹರ್ಡಲ್ಸ್ ಎತ್ತರ ಇವರಿಗೆ 99.1 ಸೆಂಟಿಮೀಟರ್, ದೊಡ್ಡವರಿಗೆ 106.7. ಹಾಗಾಗಿ ಜೂನಿಯರ್‌ನಲ್ಲಿ ಗುಂಡು ಎಸೆದು ಗೆದ್ದವನು ಇಪ್ಪತ್ತು ತುಂಬುವ ವರ್ಷವೇ ಬೇರೆ ಗುಂಡು ಹಿಡಿಯಬೇಕು. ಅವನ ದೂರ ಒಮ್ಮೆಲೇ ಕಡಿಮೆಯಾಗುತ್ತದೆ. ಊರವರು ‘ಇವನದು ಮುಗೀತು’ ಅನ್ನುತ್ತಾರೆ. ಮುಗಿದಿಲ್ಲ, ಗುಂಡು ಭಾರವಾಗಿದೆ ಅಷ್ಟೇ. ಆದರೆ ಭರ್ಜಿ ಹಾಗಲ್ಲ. ಹದಿನೆಂಟರ ಹುಡುಗನಿಗೂ ಒಲಿಂಪಿಕ್ಸ್ ಚಾಂಪಿಯನ್‌ಗೂ 800 ಗ್ರಾಂ ಒಂದೇ. ಹೆಣ್ಣುಮಕ್ಕಳಿಗಂತೂ ಗುಂಡು, ಡಿಸ್ಕಸ್, ಭರ್ಜಿ, ಹರ್ಡಲ್ಸ್ ಎಲ್ಲವೂ ದೊಡ್ಡವರದ್ದೇ. ಅದಕ್ಕೇ ನೀರಜ್‌ನ 86.48 ಅನ್ನು ನೇರವಾಗಿ ದೊಡ್ಡವರ ಪಕ್ಕ ಇಟ್ಟು ನೋಡಬಹುದು. ಮುಂದಿನ ತಿಂಗಳು ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಬಂದದ್ದು 85.38 ಮೀಟರಿಗೆ. ಆದರೆ ಇವನು ಅಲ್ಲಿರಲಿಲ್ಲ. ಅರ್ಹತೆಯ ಕೊನೆಯ ದಿನ ಜುಲೈ 11. ಇವನು ಎಸೆದದ್ದು ಹನ್ನೆರಡು ದಿನ ತಡವಾಗಿ.

ಆಮೇಲೆ ಟೋಕಿಯೊ, 2021ರ ಆಗಸ್ಟ್ 7. ಚಿನ್ನ ಬಂದ ಎಸೆತ 87.58. ಲೆಕ್ಕ ಹಾಕಿ ನೋಡಿ. ಬಿಡ್ಗೋಷ್‌ನಿಂದ ಟೋಕಿಯೊಗೆ ಐದು ವರ್ಷದಲ್ಲಿ ಎಷ್ಟು ಮುಂದೆ ಹೋಯಿತು? ಒಂದು ಮೀಟರ್ ಹತ್ತು ಸೆಂಟಿಮೀಟರ್. ನಡುವೆ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಹತ್ತೊಂಬತ್ತಕ್ಕೆ ಮೊದಲೇ ಆ ತೋಳಿನಲ್ಲಿ ಆ ದೂರ ಇತ್ತು. ಬೇಕಾದ ದಿನ, ಬೇಕಾದ ಗಳಿಗೆಯಲ್ಲಿ ಅದನ್ನು ಹೊರತೆಗೆಯುವುದನ್ನು ಕಲಿಯಲು ಐದು ವರ್ಷ ಹಿಡಿಯಿತು. ಅದೇ ನೀರಜ್ 2025ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ತನ್ನ ಹೆಸರಿನ ಕೂಟದಲ್ಲೇ 86.18 ಎಸೆದು ಗೆದ್ದ. ನಾನು ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಪ್ರತಿ ಎಸೆತಕ್ಕೂ ತನ್ನ ಬಲಗೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಅವನಿಗೇ ಗೊತ್ತಿಲ್ಲದೆ.

ಎಲ್ಲರಿಗೂ ಐದು ವರ್ಷ ಬೇಕು ಅಂತ ನಾನು ಹೇಳುತ್ತಿಲ್ಲ. ಟ್ರಿನಿಡಾಡ್‌ನ ಕೆಶೋರ್ನ್ ವಾಲ್ಕಾಟ್ 2012ರ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಜೂನಿಯರ್ ಚಿನ್ನ ಗೆದ್ದು, ಮುಂದಿನ ತಿಂಗಳೇ ಲಂಡನ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ. ಅಂಥವರು ಅಪರೂಪ. ಇನ್ನು ಜೂನಿಯರ್‌ನಲ್ಲಿ ಚಿನ್ನ ಗೆಲ್ಲದವರು? ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ 2018ರಲ್ಲಿ ಫಿನ್ಲೆಂಡಿನ ಟ್ಯಾಂಪೆರೆಯಲ್ಲಿ 1500 ಮೀಟರಿನಲ್ಲಿ ಎರಡನೆಯವ, 5000ದಲ್ಲಿ ಮೂರನೆಯವ. ಒಂದು ತಿಂಗಳ ಮೇಲೆ ಬರ್ಲಿನ್‌ನಲ್ಲಿ ದೊಡ್ಡವರ ಯುರೋಪಿಯನ್ ಕೂಟದಲ್ಲಿ ಎರಡೂ ಓಟ ಗೆದ್ದ. ಆಮೇಲೆ ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನವೂ ಬಂತು.

ಟ್ಯಾಂಪೆರೆ ಅಂದ ಮೇಲೆ ಹಿಮಾ ದಾಸ್ ಹೆಸರು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಾನು ಇವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರ ಬೇಡ. ಮನೆ ಮಕ್ಕಳನ್ನು ಕರೆದ ಹಾಗೆ. 2018ರ ಜುಲೈ 12. ಅಸ್ಸಾಮಿನ ನಗಾಂವ್ ಜಿಲ್ಲೆಯ ಹಳ್ಳಿ ಹುಡುಗಿ, ಹದಿನೆಂಟು ವರ್ಷ, 400 ಮೀಟರ್ ಫೈನಲ್. ಆ ಓಟದ ವಿಡಿಯೊ ನೋಡದವರು ಇವತ್ತು ಮನೆಗೆ ಹೋಗಿ ನೋಡಿ. ಕೊನೆಯ ತಿರುವಿನಲ್ಲಿ ಅವಳು ಮುಂದಿಲ್ಲ, ನಾಲ್ಕನೆಯವಳು.

400 ಮೀಟರ್ ಓಡಿದವರಿಗೆ ಗೊತ್ತು, ಮುನ್ನೂರು ದಾಟಿದ ಮೇಲೆ ಏನಾಗುತ್ತದೆ ಅಂತ. ತೊಡೆ ಕಲ್ಲಾಗುತ್ತದೆ. ಮಂಡಿ ಮೇಲೇಳುವುದಿಲ್ಲ. ಭುಜ ತಾನಾಗಿ ಕಿವಿಯ ಕಡೆ ಏರುತ್ತದೆ, ಮುಖ ಸೊಟ್ಟಗಾಗುತ್ತದೆ. ಗಂಟಲಲ್ಲಿ ಕಬ್ಬಿಣದ ರುಚಿ. ಆ ಹೊತ್ತಿನಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ. ಎಲ್ಲರೂ ನಿಧಾನವಾಗುತ್ತಾರೆ, ಕಡಿಮೆ ನಿಧಾನವಾದವರು ಗೆಲ್ಲುತ್ತಾರೆ. ನಮ್ಮ ಕಣ್ಣಿಗೆ ಅವರು ಹಾರಿದ ಹಾಗೆ ಕಾಣುತ್ತದೆ. ಹಿಮಾ ಹಾಗೆ ಒಬ್ಬೊಬ್ಬರನ್ನೇ ದಾಟಿದಳು. 51.46 ಸೆಕೆಂಡು. ವಿಶ್ವ ಮಟ್ಟದ ಕೂಟದಲ್ಲಿ, ಯಾವ ವಯಸ್ಸಿನ ಗುಂಪಿನಲ್ಲೇ ಆಗಲಿ, ಟ್ರ್ಯಾಕ್ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಧ್ವಜದ ಜೊತೆ ಅಸ್ಸಾಮಿನವರ ಸಾಂಪ್ರದಾಯಿಕ ವಸ್ತ್ರ ಗಮೋಸಾವನ್ನೂ ಕೊರಳಿಗೆ ಹಾಕಿಕೊಂಡಳು. ರಾಷ್ಟ್ರಗೀತೆ ಬಂದಾಗ ಅತ್ತಳು. ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ 50.79 ಓಡಿ ಬೆಳ್ಳಿ ತಂದಳು. ಆಮೇಲೆ ಬೆನ್ನುನೋವು, ಗಾಯ. ಆ ವೇಗ ಮತ್ತೆ ಸಿಗಲಿಲ್ಲ. ‘ಏನಾಯ್ತು ಹಿಮಾಗೆ’ ಅಂತ ಹಗುರವಾಗಿ ಕೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಬೆನ್ನಿನ ಕೆಳಭಾಗ ನೋಯುವ ಓಟಗಾರ್ತಿ ಪ್ರತಿ ಬೆಳಿಗ್ಗೆ ಎದ್ದು ಟ್ರ್ಯಾಕಿಗೆ ಹೋಗುವುದು ಒಂದು ಪದಕಕ್ಕಿಂತ ಸಣ್ಣದಲ್ಲ.

ಅದೇ ಟ್ಯಾಂಪೆರೆಯಲ್ಲಿ ಇನ್ನೊಬ್ಬ ಹುಡುಗ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದ್ದಾನೆ. ಇಂಡೊನೇಷ್ಯಾದ ಲಾಲು ಮುಹಮ್ಮದ್ ಝೊಹ್ರಿ, ಲೊಂಬೊಕ್ ದ್ವೀಪದವನು. 100 ಮೀಟರ್ ಫೈನಲ್, ಎಂಟನೇ ಲೇನ್, ಅಂಚಿನ ಲೇನ್. ಅಮೆರಿಕದ ಇಬ್ಬರ ಮೇಲೆ ಎಲ್ಲರ ಕಣ್ಣು. ಇವನು 10.18ರಲ್ಲಿ ಗೆದ್ದ. ಗೆದ್ದ ಮೇಲೆ ಅಮೆರಿಕದ ಹುಡುಗರ ಕೈಗೆ ಧ್ವಜ ಬಂತು, ಹೊದ್ದುಕೊಂಡರು. ಇವನ ಧ್ವಜ ಅಲ್ಲಿ ಇರಲಿಲ್ಲ. ಇವನು ಗೆಲ್ಲುತ್ತಾನೆ ಅಂತ ಯಾರೂ ತಂದಿಟ್ಟುಕೊಂಡಿರಲಿಲ್ಲ. ಗೆದ್ದವನು ಅತ್ತಿತ್ತ ನೋಡುತ್ತಾ ಬರಿಗೈಯಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಧ್ವಜ ಸಿಕ್ಕಿತು.

ಈಗ ನೈರೋಬಿಗೆ ಬರೋಣ. ಅಲ್ಲಿ ನಮ್ಮ ಕರ್ನಾಟಕಕ್ಕೂ ಪಾಲಿದೆ. ಶೈಲಿ ಸಿಂಗ್ ಹುಟ್ಟಿದ್ದು ಉತ್ತರಪ್ರದೇಶದ ಝಾನ್ಸಿಯಲ್ಲಿ. ಅಮ್ಮ ಬಟ್ಟೆ ಹೊಲಿದು ಸಾಕಿದವರು. ಚಿಕ್ಕ ವಯಸ್ಸಿಗೇ ಬೆಂಗಳೂರಿಗೆ ಬಂದು ಅಂಜು ಬಾಬಿ ಜಾರ್ಜ್ ಮತ್ತು ಅವರ ಪತಿ, ಕೋಚ್ ರಾಬರ್ಟ್ ಬಾಬಿ ಜಾರ್ಜ್ ಹತ್ತಿರ ಕಲಿತಳು. ಅಂಜು ಅಂದರೆ 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು. ಉದ್ದ ಜಿಗಿತದಲ್ಲಿ ದೇಶಕ್ಕೆ ದಾರಿ ಮಾಡಿದವರು.

2021ರ ಆಗಸ್ಟ್. ಶೈಲಿಗೆ ಹದಿನೇಳು. ಮೂರನೇ ಜಿಗಿತದಲ್ಲಿ 6.59 ಮೀಟರ್ ಹಾರಿ ಮೊದಲ ಸ್ಥಾನಕ್ಕೆ ಬಂದಳು. ಮುಂದಿನ ಸುತ್ತಿನಲ್ಲಿ ಸ್ವೀಡನ್‌ನ ಮಾಯಾ ಆಸ್ಕಾಗ್ 6.60 ಹಾರಿದಳು. ಅಲ್ಲಿಗೇ ನಿಂತಿತು. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದು ಸೆಂಟಿಮೀಟರ್.

ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ. ಹೆಚ್ಚುಕಡಿಮೆ ಅಷ್ಟು. ಉದ್ದ ಜಿಗಿತದಲ್ಲಿ ಕಾಲು ಎಲ್ಲಿಂದ ಎದ್ದಿತೋ ಅಲ್ಲಿಂದ ಅಳೆಯುವುದಿಲ್ಲ. ಇಪ್ಪತ್ತು ಸೆಂಟಿಮೀಟರ್ ಅಗಲದ ಹಲಗೆ ಇರುತ್ತದೆ, ಅದರ ಮುಂದಿನ ಅಂಚಿನಿಂದ ಅಳೆಯುತ್ತಾರೆ. ನೀವು ಅಂಚಿಗಿಂತ ಐದು ಸೆಂಟಿಮೀಟರ್ ಹಿಂದೆ ಹೆಜ್ಜೆ ಇಟ್ಟರೆ, ಹಾರಿದ್ದರಲ್ಲಿ ಆ ಐದು ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಅಂಚು ದಾಟಿದರೆ ಪೂರ್ತಿ ಜಿಗಿತವೇ ಹೋಯಿತು, ಫೌಲ್. ಆ ಕಡೆ ಮರಳಿನಲ್ಲಿ, ಹಲಗೆಗೆ ಅತಿ ಹತ್ತಿರ ಮೂಡಿದ ಗುರುತಿಗೆ ಅಳತೆ. ಬೀಳುವಾಗ ಅಂಗೈ ಹಿಂದಕ್ಕೆ ಊರಿದರೆ ಅಂಗೈಗೇ ಅಳತೆ. ಹಾಗಾಗಿ ಈ ಒಂದು ಸೆಂಟಿಮೀಟರ್ ಶಕ್ತಿಯದ್ದೇ ಆಗಿರಬೇಕಿಲ್ಲ. ಓಟದ ಹದಿನೈದು ಇಪ್ಪತ್ತು ಹೆಜ್ಜೆಯಲ್ಲಿ ಯಾವುದೋ ಒಂದು ಹೆಜ್ಜೆಯ ಅಳತೆ ಅದು. ಇದನ್ನು ತಿದ್ದಲು ದಿನಾ ಒಬ್ಬರು ಹಲಗೆಯ ಪಕ್ಕ ಕೂತು ನೋಡಬೇಕು. ನಮ್ಮ ಎಷ್ಟು ಶಾಲೆಗಳಲ್ಲಿ ಉದ್ದ ಜಿಗಿತದ ಗುಂಡಿಗೆ ಮರಳಿದೆ? ಹಲಗೆಯ ಮಾತು ಆಮೇಲೆ.

ಶೈಲಿಯ ಜೊತೆ ಅಂಥವರು ಉಳಿದರು. 2023ರ ಏಪ್ರಿಲ್‌ನಲ್ಲಿ ಕಂಠೀರವದಲ್ಲೇ ಅವಳು 6.76 ಹಾರಿದಳು. ಅಂಜು ಅವರ ರಾಷ್ಟ್ರೀಯ ದಾಖಲೆ 6.83. ಶಿಷ್ಯೆ ಗುರುವಿನ ಏಳು ಸೆಂಟಿಮೀಟರ್ ಹತ್ತಿರ ಬಂದದ್ದು ನಮ್ಮ ಬೆಂಗಳೂರಿನ ಮರಳಿನಲ್ಲಿ ಅನ್ನುವುದು ನನಗೆ ಹೆಮ್ಮೆ.

ಮತ್ತೆ ಪ್ರಿಯಾ. ಪ್ರಿಯಾ ಎಚ್. ಮೋಹನ್, ನಮ್ಮ ಕರ್ನಾಟಕದ ಹುಡುಗಿ. ನೈರೋಬಿಯಲ್ಲಿ 4×400 ಮಿಶ್ರ ರಿಲೇಯಲ್ಲಿ ಭರತ್ ಶ್ರೀಧರ್, ಪ್ರಿಯಾ, ಸುಮ್ಮಿ, ಕಪಿಲ್ 3 ನಿಮಿಷ 20.60 ಸೆಕೆಂಡಿನಲ್ಲಿ ಓಡಿ ಕಂಚು ಗೆದ್ದರು. ಅದು ಎಲ್ಲರಿಗೂ ಗೊತ್ತು. ಮೂರು ದಿನದ ಮೇಲೆ ಅವಳು ಒಬ್ಬಳೇ ಓಡಿದ 400 ಮೀಟರ್ ಫೈನಲ್ ಜಾಸ್ತಿ ಜನಕ್ಕೆ ಗೊತ್ತಿಲ್ಲ. 52.77 ಸೆಕೆಂಡು. ನಾಲ್ಕನೇ ಸ್ಥಾನ. ಇಡೀ ಪ್ರಪಂಚದ ತನ್ನ ವಯಸ್ಸಿನವರಲ್ಲಿ ನಾಲ್ಕನೆಯವಳು! ನಮ್ಮ ಜಿಲ್ಲೆಯಲ್ಲಿ ನಾಲ್ಕನೆಯವರಾದರೆ ಸರ್ಟಿಫಿಕೇಟ್ ಸಿಗುವುದಿಲ್ಲ ಅಂತ ಮಕ್ಕಳು ಅಳುತ್ತಾರೆ. ನೈರೋಬಿಯಲ್ಲಿ ನಾಲ್ಕನೆಯವಳಿಗೂ ಪದಕವೇನೂ ಸಿಗಲಿಲ್ಲ. ಅವಳು ಊರಿಗೆ ಬಂದು ಮತ್ತೆ ಓಡಿದಳು. ಮರುವರ್ಷ ಕೊಲಂಬಿಯಾದ ಕಾಲಿಯಲ್ಲಿ ಭರತ್, ಪ್ರಿಯಾ, ಕಪಿಲ್, ರೂಪಲ್ ಚೌಧರಿ ಅದೇ ರಿಲೇಯನ್ನು 3 ನಿಮಿಷ 17.76ಕ್ಕೆ ಇಳಿಸಿದರು. ಬೆಳ್ಳಿ. ಅಮೆರಿಕ ಗೆದ್ದದ್ದು 3:17.69ರಲ್ಲಿ. ನಾಲ್ಕು ಜನ ಸೇರಿ ಸಾವಿರದ ಆರುನೂರು ಮೀಟರ್ ಓಡಿದ ಮೇಲೆ ಉಳಿದ ಅಂತರ ಹೆಚ್ಚೆಂದರೆ ಅರ್ಧ ಮೀಟರ್. ಒಂದು ವರ್ಷದಲ್ಲಿ ಹತ್ತಿರ ಹತ್ತಿರ ಮೂರು ಸೆಕೆಂಡು ಕಡಿಮೆ ಮಾಡಿಕೊಂಡವರಲ್ಲಿ ಮೂವರು ಹಿಂದಿನ ವರ್ಷದವರೇ. ಒಟ್ಟಿಗೆ ಬಿಟ್ಟರೆ, ಮತ್ತೊಂದು ವರ್ಷ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ. ರೂಪಲ್ ಅಲ್ಲಿ ಮೂರು ದಿನದಲ್ಲಿ ನಾಲ್ಕು ಬಾರಿ 400 ಓಡಿ, ತನ್ನ ಓಟದಲ್ಲೂ 51.85ರಲ್ಲಿ ಕಂಚು ಗೆದ್ದಳು. ಮೀರತ್ ಕಡೆಯ ರೈತರ ಮಗಳು.

ಪೋಷಕರಿಗೆ ಎರಡು ಮಾತು. ಮೊದಲನೆಯದು ವಯಸ್ಸಿನ ದಾಖಲೆ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಈ ಸಭೆಯಲ್ಲೂ ಜೂನ್ 1ರ ಹಿರಿಯರು ಬಹಳ ಜನ ಇದ್ದೀರಿ, ನಾನೂ ಒಬ್ಬ. ಆಗ ಅದು ತಿಳಿಯದೆ ಆದದ್ದು. ಈಗ ತಿಳಿದು ತಿದ್ದುವವರಿದ್ದಾರೆ. ಇಪ್ಪತ್ತೊಂದರ ಹುಡುಗನನ್ನು ಹತ್ತೊಂಬತ್ತು ಅಂತ ಓಡಿಸಿದರೆ ಅವನು ಗೆಲ್ಲಬಹುದು. ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬೀಳಲೂಬಹುದು. ಅದಕ್ಕಿಂತ ನನಗೆ ಸಂಕಟವಾಗುವುದು ಪಕ್ಕದ ಲೇನಿನ ನಿಜವಾದ ಹದಿನೇಳರ ಹುಡುಗನ ಬಗ್ಗೆ. ‘ನನ್ನ ಕೈಲಿ ಆಗಲ್ಲ’ ಅಂತ ಅವನು ಆವತ್ತೇ ಶೂ ಬಿಚ್ಚಿಡುತ್ತಾನೆ.

ಎರಡನೆಯದು ಮಾತ್ರೆ. 2000ದಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಮ್ಮ ಸೀಮಾ ಅಂತಿಲ್ ಡಿಸ್ಕಸ್‌ನಲ್ಲಿ ಚಿನ್ನ ಗೆದ್ದಿದ್ದಳು. ಆ ಪದಕ ವಾಪಸ್ ಹೋಯಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಸೂಡೊಎಫೆಡ್ರಿನ್, ನೆಗಡಿ ಔಷಧಿಗಳಲ್ಲಿ ಇರುವ ಅಂಶ. ಎರಡು ವರ್ಷದ ಮೇಲೆ ಕಿಂಗ್‌ಸ್ಟನ್‌ನಲ್ಲಿ, ಬೋಲ್ಟ್ ಗೆದ್ದ ಅದೇ ಕೂಟದಲ್ಲಿ, ಅವಳಿಗೆ ಕಂಚು ಬಂತು. ಮೆಡಿಕಲ್ ಶಾಪಿನವರು ಕೊಟ್ಟರು ಅಂತ ಮಗುವಿಗೆ ಮಾತ್ರೆ ನುಂಗಿಸಬೇಡಿ. ಜಿಮ್ಮಿನಲ್ಲಿ ಯಾರೋ ಕೊಟ್ಟ ಡಬ್ಬಿಯ ಪುಡಿಯಂತೂ ಬೇಡವೇ ಬೇಡ. ಡಾಕ್ಟರ ಹತ್ತಿರ ಹೋದಾಗ ‘ನಮ್ಮ ಹುಡುಗಿ ಕೂಟದಲ್ಲಿ ಓಡುತ್ತಾಳೆ’ ಅಂತ ಮೊದಲೇ ಹೇಳಿ.

ಕೊನೆಗೆ ನನ್ನದೇ ಒಂದು ಕಥೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಹೇಳುವುದಿಲ್ಲ, ಇಲ್ಲೇ ಇದ್ದಾಳೆ, ನಾಚಿಕೊಳ್ಳುತ್ತಾಳೆ. ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ ಎಲ್ಲ ದಾಟಿ ರಾಜ್ಯ ಮಟ್ಟದಲ್ಲಿ 400 ಮೀಟರ್ ಓಡಿದಳು. ಹದಿನೆಂಟು ತುಂಬಿದ ವರ್ಷ ಆಯ್ಕೆ ಟ್ರಯಲ್ಸ್ ಇತ್ತು. ಅದರ ಪತ್ರ ನಮ್ಮ ಕೈಗೆ ಬರುವಾಗ ಟ್ರಯಲ್ಸ್ ಮುಗಿದು ಎರಡು ದಿನವಾಗಿತ್ತು. ಯಾರ ಮೇಜಿನ ಮೇಲೆ ಉಳಿಯಿತೋ ಈಗ ಹುಡುಕುವುದು ಬೇಡ. ನಾನೇ ಒಂದು ಫೋನ್ ಮಾಡಿ ವಿಚಾರಿಸಬಹುದಿತ್ತು, ಮಾಡಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ. ಮುಂದಿನ ವರ್ಷ ಅವಳ ಪಿಯುಸಿ ಮುಗಿಯಿತು, ಹಾಸ್ಟೆಲ್ ಸೀಟು ಮುಗಿಯಿತು, ಓಟವೂ ಮುಗಿಯಿತು. ಈಗ ಅಂಗನವಾಡಿ ಟೀಚರ್. ನಮ್ಮ ಕೂಟ ಇದ್ದಾಗ ರಜೆ ಹಾಕಿ ಬಂದು ಸ್ಟಾಪ್‌ವಾಚ್ ಹಿಡಿಯುತ್ತಾಳೆ. ಅವಳಷ್ಟು ಸರಿಯಾಗಿ ವಾಚ್ ಒತ್ತುವವರು ನಮ್ಮ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ನನ್ನ ಮಾತು ಇಷ್ಟೇ. ನಮಸ್ಕಾರ.

(ಬರಹಕ್ಕೆ ಇಳಿಸುವಾಗ ಸೇರಿಸಿದ್ದು.)

ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಒಬ್ಬ ಹುಡುಗಿ ಬಂದು ನಿಂತಳು. ಕೈಯಲ್ಲಿ ನೋಟ್‌ಬುಕ್ ಇತ್ತು, ಅದರಲ್ಲಿ ಲೆಕ್ಕ ಬರೆದುಕೊಂಡಿದ್ದಳು.

“ಸರ್, ನಾನು 2010ರ ನವೆಂಬರ್. 26ಕ್ಕೆ ಹದಿನಾರು, 28ಕ್ಕೆ ಹದಿನೆಂಟು. ಸರಿನಾ ಸರ್?”

“ಸರಿ. ಏನು ಓಡ್ತೀಯ?”

“ನಾನ್ನೂರು.”

“ಎಷ್ಟು ಸೆಕೆಂಡು?”

“ಗೊತ್ತಿಲ್ಲ ಸರ್. ಫಸ್ಟ್ ಬರ್ತೀನಿ. ಯಾರೂ ಟೈಮ್ ನೋಡಿಲ್ಲ.”

ಶನಿವಾರ ಬೆಳಿಗ್ಗೆ ಆರೂವರೆಗೆ ನಮ್ಮ ಶಾಲೆಯ ಗ್ರೌಂಡಿಗೆ ಬಾ ಅಂದೆ. ಬಂದಳು, ಅಪ್ಪನ ಬೈಕಿನಲ್ಲಿ. ಶೂ ಇರಲಿಲ್ಲ. ನಮ್ಮದು ಇನ್ನೂರು ಮೀಟರಿನ ಮಣ್ಣಿನ ಗ್ರೌಂಡು, ಎರಡು ಸುತ್ತು ಹಾಕಬೇಕು. ಹಿಂದಿನ ದಿನ ಮಳೆ ಬಂದು ನೆಲ ಹದವಾಗಿತ್ತು. ನಾನು ಸೀಟಿ ಊದಿದೆ. ಅಂಗನವಾಡಿ ಟೀಚರಮ್ಮ ಸುಣ್ಣದ ಗೆರೆಯ ಪಕ್ಕ ಕಣ್ಣು ಮಿಟುಕಿಸದೆ ನಿಂತಿದ್ದಳು.

ಅರವತ್ತೇಳು ಸೆಕೆಂಡು. ಹುಡುಗಿ ಮಂಡಿ ಹಿಡಿದು ಬಗ್ಗಿ ಏದುಸಿರು ಬಿಡುತ್ತಿದ್ದಳು. ಟೀಚರಮ್ಮ ಹತ್ತಿರ ಹೋಗಿ ಬೆನ್ನು ಸವರಿದಳು.

“ಮೊದಲ ಸುತ್ತು ಜಾಸ್ತಿ ಜೋರಾಯ್ತು ಕಣೇ,” ಅಂದಳು. “ಕೂರಬೇಡ, ನಡೀತಾ ಇರು. ಮುಂದಿನ ಶನಿವಾರ ನನ್ನ ಹಳೇ ಶೂ ತರ್ತೀನಿ, ಕಾಲಿಗೆ ಆಗುತ್ತೇನೋ ನೋಡೋಣ.”